ಒಂದು ಕಾಲಂ ಅಗಲದ ಸುದ್ದಿ

ನಮ್ಮ ಪತ್ರಿಕೆಯಲ್ಲಿ ಒಂದು ಕಾಲಂ ಎಂದರೆ ನಾಲ್ಕು ಸೆಂಟಿಮೀಟರ್ ಅಗಲ. ಏಳು ವರ್ಷದ ಹಿಂದೆ, ಪತ್ರಿಕೆಯನ್ನು ಮುಖದಿಂದ ಒಂದಡಿ ದೂರ ಹಿಡಿದರೆ ಅಕ್ಕನಿಗೆ ಒಂದೇ ನೋಟಕ್ಕೆ ಕಾಣುತ್ತಿದ್ದದ್ದೂ ಅಷ್ಟೇ ಅಗಲ. ಇದು ಅಂದಾಜಿನ ಮಾತಲ್ಲ. ಸ್ಕೇಲು ಇಟ್ಟು ನಾನೇ ಅಳೆದಿದ್ದೆ.

ಅವಳ ಕಣ್ಣಿನ ಕಾಯಿಲೆ ಅಂಚಿನಿಂದ ಒಳಗೆ ಬರುವಂಥದು. ರೆಟಿನಾದ ಹೊರವಲಯದ ಕೋಶಗಳು ಮೊದಲು ಸಾಯುತ್ತವೆ, ಆಮೇಲೆ ಅವುಗಳ ಪಕ್ಕದವು. ನಡುವಿನ ನೋಟ ಕೊನೆಯವರೆಗೂ ಸ್ವಚ್ಛವಾಗಿರುತ್ತದೆ. ಸುತ್ತಲಿನದು ಮುಚ್ಚಿಕೊಳ್ಳುತ್ತ ಹೋಗುತ್ತದೆ. ಬಿ.ಎಸ್ಸಿ. ಓದಿದ ನಾನು ಇದನ್ನು ವಿವರಿಸಲು ಒಂದು ಹಾಳೆಯ ತುಂಬ ಚಿತ್ರ ಬರೆದಿದ್ದೆ. ಅಕ್ಕ ದರ್ಜಿ. ಚಿತ್ರವನ್ನು ಪಕ್ಕಕ್ಕಿಟ್ಟು, "ಚೀಲದ ಲಾಡಿ ಎಳೆದ ಹಾಗೆ ಅನ್ನು, ಅರ್ಥ ಆಯ್ತು" ಎಂದಿದ್ದಳು.

ಭಾವ ಬಡಗಿ. ಅಕ್ಕ ಎಡವತೊಡಗಿದ ವರ್ಷ ಮನೆಯ ಮೇಜು, ಮಂಚ, ಕಪಾಟುಗಳ ಮೂಲೆಗಳನ್ನೆಲ್ಲ ಉಜ್ಜುಗೊರಡು ಹಿಡಿದು ಗುಂಡಗೆ ಮಾಡಿದರು. "ನಿಮ್ಮಕ್ಕನಿಗೆ ಈಗ ನನ್ನ ಮುಖದಲ್ಲಿ ಮೂಗು ಮಾತ್ರ ಕಾಣ್ಸೋದು ಕಣಯ್ಯ" ಎನ್ನುತ್ತಿದ್ದರು. "ನೋಡೋ ಅಂಥದ್ದು ಅದೊಂದೇ ತಾನೇ ಇರೋದು" ಎಂದು ಒಳಗಿನಿಂದ ಅಕ್ಕನ ಉತ್ತರ ಬರುತ್ತಿತ್ತು.

ನಾನು ಉಪಸಂಪಾದಕ. ಆರನೇ ಪುಟದ ಎಡ ಮೂಲೆಯಲ್ಲಿ ವಾರಕ್ಕೊಮ್ಮೆ ಬರುವ ವಿಜ್ಞಾನದ ಚೌಕಟ್ಟು ನನ್ನ ಪಾಲಿನದು. ಸುದ್ದಿಸಂಸ್ಥೆಯಿಂದ ಬಂದ ವರದಿಯನ್ನು ಅನುವಾದಿಸಿ, ಇಪ್ಪತ್ತು ಸಾಲಿಗೆ ಇಳಿಸಿ ಕೊಡಬೇಕು. ಮೊದಲು ಅದು ಎರಡು ಕಾಲಂ ಇತ್ತು. "ನಿನ್ನ ಸುದ್ದಿಯ ಅರ್ಧ ನನ್ನ ಕಣ್ಣಿಂದ ಆಚೆ ನಿಂತಿರುತ್ತೆ, ವಿಜ್ಞಾನಿಗಳೇ" ಎಂದು ಅಕ್ಕ ದೂರಿದ ಮೇಲೆ, ಪುಟದ ಅಂದಕ್ಕಾಗಿ ಎಂದು ನೆಪ ಹೇಳಿ ಅದನ್ನು ಒಂದೇ ಕಾಲಮ್ಮಿಗೆ ಇಳಿಸಿದೆ. ಅಕ್ಷರ ತುಸು ದೊಡ್ಡದು ಮಾಡಿದೆ. ಪತ್ರಿಕೆಯಲ್ಲಿ ಅವಳು ತಾನಾಗಿ ಓದಬಹುದಾದ ಜಾಗ ಅದೊಂದೇ ಉಳಿದಿತ್ತು.

ನಮ್ಮ ಕೆಲಸದಲ್ಲಿ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಮುಖ್ಯವಾದದ್ದು ಮೇಲಿರುತ್ತದೆ, ಆದ್ದರಿಂದ ಜಾಗ ಸಾಲದಿದ್ದರೆ ಬಾಲ ಹೋಗಬೇಕು. ಇದು ಮೊದಲ ದಿನ ಕಲಿಸುವ ಪಾಠ. ಅಪಘಾತದ ಸುದ್ದಿಗೆ, ಸಭೆಯ ಸುದ್ದಿಗೆ ಈ ಪಾಠ ಸರಿಯಾಗಿಯೇ ಇದೆ. ವಿಜ್ಞಾನದ ವರದಿಯಲ್ಲಿ ಮಾತ್ರ ಮೇಲಿರುವುದು ಆಸೆ, ಕೆಳಗಿರುವುದು ಸತ್ಯ. 'ಆದರೆ' ಎಂಬ ಪದ ಯಾವಾಗಲೂ ಕೊನೆಯ ಪ್ಯಾರಾದಲ್ಲಿ ಬರುತ್ತದೆ.

ಏಳು ವರ್ಷದ ಹಿಂದೆ ಬಂದ ಆ ವರದಿಯಲ್ಲಿ ಹನ್ನೊಂದು ವಾಕ್ಯಗಳಿದ್ದವು. ಅಕ್ಕನದೇ ಕಾಯಿಲೆ. ಕೆಟ್ಟ ಜೀನಿನ ಜಾಗಕ್ಕೆ ಸರಿಯಾದದ್ದನ್ನು ಸೇರಿಸಿ ನೋಟ ಮರಳಿಸಿದ್ದಾರೆ ಎಂಬ ಸುದ್ದಿ. ಹತ್ತನೆಯ ವಾಕ್ಯ: ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಹನ್ನೊಂದನೆಯದು: ಎಲ್ಲವೂ ಸರಿಹೋದರೆ ಮನುಷ್ಯರ ಮೇಲಿನ ಪರೀಕ್ಷೆ ಐದು ವರ್ಷಗಳಲ್ಲಿ ಆರಂಭವಾಗಬಹುದು. ನಾನು ಒಂಬತ್ತನೆಯದಕ್ಕೆ ನಿಲ್ಲಿಸಿದೆ. 'ಐದು ವರ್ಷ' ಎಂಬುದನ್ನು ಮಾತ್ರ ಮೇಲಕ್ಕೆತ್ತಿ ಶೀರ್ಷಿಕೆಯಲ್ಲಿ ಕೂರಿಸಿದೆ. ಜಾಗವಿರಲಿಲ್ಲ ಎಂಬುದು ನಿಜ. 'ಇಲಿಗಳಲ್ಲಿ' ಎಂಬ ಒಂದು ಪದಕ್ಕೆ ಜಾಗ ಮಾಡಬಹುದಿತ್ತು ಎಂಬುದೂ ನಿಜ. ಮರುದಿನ ಅದನ್ನು ಅಕ್ಕ ಓದುತ್ತಾಳೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಅವಳ ಮುಖ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳುತ್ತಲೇ ಪುಟ ಕಳಿಸಿದ್ದೆ.

ಅದೇ ತಿಂಗಳು ದೃಷ್ಟಿ ಕಳೆದುಕೊಳ್ಳುತ್ತಿರುವವರ ತರಬೇತಿ ಶಾಲೆಯಿಂದ ಅವಳಿಗೆ ಸೀಟು ಸಿಕ್ಕಿದೆ ಎಂದು ಪತ್ರ ಬಂತು. ಅರ್ಜಿ ತುಂಬಿ ಕಳಿಸಿದವನು ನಾನೇ. ಬೆರಳಿನಿಂದ ಓದುವುದು, ಕೋಲು ಹಿಡಿದು ನಡೆಯುವುದು, ಮುಟ್ಟಿಯೇ ಹೊಲಿಯುವುದು, ಎಲ್ಲವನ್ನೂ ಒಂದು ವರ್ಷ ಕಲಿಸುತ್ತಾರೆ. ಸ್ವಲ್ಪ ಕಾಣುತ್ತಿರುವಾಗಲೇ ಬಂದರೆ ಕೈಗೆ ಬೇಗ ಹತ್ತುತ್ತದೆ, ಅಂಗಡಿ ಮುಚ್ಚಬೇಕಾಗುವುದಿಲ್ಲ ಎಂದು ಅಲ್ಲಿನ ಶಿಕ್ಷಕಿ ಕೈಯಾರೆ ಬರೆದಿದ್ದರು.

ಅಕ್ಕ ಪತ್ರವನ್ನು ಮಡಚಿ ನನ್ನ ಕೈಗೇ ಕೊಟ್ಟಳು. "ಐದು ವರ್ಷಕ್ಕೆ ಇದೆಲ್ಲ ಯಾಕೋ? ಪಾಪ, ನಿಜವಾಗಿ ಕುರುಡಾಗೋರು ಯಾರಿಗಾದ್ರೂ ಸೀಟು ಸಿಗಲಿ."

"ಡಾಕ್ಟ್ರು ಇದಕ್ಕೆ ಮದ್ದಿಲ್ಲ ಅಂದ್ರಲ್ಲಕ್ಕ..."

"ಡಾಕ್ಟ್ರು ಓದಿದ್ದು ಹಳೇ ಪುಸ್ತಕ. ನನ್ನ ತಮ್ಮ ಬರೆಯೋದು ಇವತ್ತಿನ ಸುದ್ದಿ."

ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅವಳು ಎದ್ದು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಆ ಸುದ್ದಿಯನ್ನು ಕತ್ತರಿಸತೊಡಗಿದ್ದಳು. ಅಕ್ಷರದ ಅಂಚಿನವರೆಗೆ ಹೋಗದೆ, ಸುತ್ತ ಅರ್ಧ ಇಂಚು ಬಿಟ್ಟು, ಗೆರೆ ಎಳೆದಂತೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಆಮೇಲೆ ಅಂಥ ಸುದ್ದಿ ಬಂದಾಗಲೆಲ್ಲ ಹಾಕಿದೆ. ಹಾಕದಿದ್ದರೆ "ಏನೋ, ಆ ವಿಜ್ಞಾನಿಗಳೆಲ್ಲ ಮಲಗಿಬಿಟ್ರಾ?" ಎಂದು ಕೇಳುತ್ತಿದ್ದಳು. ಮೂರನೆಯ ವರ್ಷ ಅಂಗಡಿ ಮುಚ್ಚಿದಳು. ಹೊಲಿಗೆ ಯಂತ್ರವನ್ನು ಮನೆಗೆ ತಂದು ಕಿಟಕಿಯ ಬಳಿ ಇಟ್ಟು ತಿಂಗಳಿಗೊಮ್ಮೆ ಎಣ್ಣೆ ಬಿಡುತ್ತಿದ್ದಳು. ಐದು ವರ್ಷ ಕಳೆಯಿತು. "ತಡ ಆಗ್ತಿದೆ, ಆಗಲಿ. ಗಿರಾಕಿಗಳಿಗೆ ನಾನೂ ಎಷ್ಟು ಸಲ ನಾಳೆ ಬನ್ನಿ ಅಂದಿಲ್ಲ?" ಎಂದಳು. ನೋಟ ಕಾಲಮ್ಮಿನಿಂದ ಪದಕ್ಕೆ, ಪದದಿಂದ ಅಕ್ಷರಕ್ಕೆ ಇಳಿಯಿತು.

ಹೋದ ಭಾನುವಾರ ಬೆಳಿಗ್ಗೆ ನಾನು ಹೋದಾಗ ಭಾವ ಜಗುಲಿಯಲ್ಲಿ ಒಂದು ಕುರ್ಚಿಯ ಕಾಲಿಗೆ ಅಂಟು ಹಚ್ಚುತ್ತಿದ್ದರು. ಅಕ್ಕ ಕಿಟಕಿಯ ಬಳಿ ಕೂತಿದ್ದಳು.

"ಈ ವಾರ ನನ್ನ ಸುದ್ದಿ ಬಂದಿದೆಯಂತೆ. ಇವರು ಓದಿದ್ರೆ ಮರದ ಲೆಕ್ಕ ಓದಿದ ಹಾಗಿರುತ್ತೆ. ನೀನೇ ಓದು. ಪತ್ರಿಕೆಯಲ್ಲಿರೋ ಚಿಕ್ಕದು ಬೇಡ. ನಿಮ್ಮ ಆಫೀಸಿಗೆ ಬರುತ್ತಲ್ಲ, ಆ ಪೂರ್ತಿಯದ್ದು."

"ಅದು ಉದ್ದ ಇರುತ್ತಕ್ಕ."

"ಇರಲಿ ಬಿಡೋ. ಅಳತೆ ಇದ್ದಿದ್ದು ಕಣ್ಣಿಗೆ. ಕಿವಿಗೆ ಎಷ್ಟುದ್ದ ಆದ್ರೂ ಹಿಡಿಯುತ್ತೆ."

ಮೂಲ ವರದಿ ನನ್ನ ಫೋನಿನಲ್ಲಿತ್ತು. ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಹೊಸ ವಿಧಾನ, ಹೊಸ ಫಲಿತಾಂಶ, ಬೆಳಕಿನತ್ತ ತಿರುಗಿದ ಕಣ್ಣು. ಅಕ್ಕ ಎರಡೂ ಕೈಯನ್ನು ಯಂತ್ರದ ಮೇಲಿಟ್ಟು ಕೇಳುತ್ತಿದ್ದಳು. ಕೊನೆಯ ಪ್ಯಾರಾಕ್ಕೆ ಬಂದಾಗ ರೂಢಿಯಂತೆ ನಿಂತೆ.

"ಮುಗೀಲಿಲ್ಲ, ಅಲ್ವಾ?"

"ಮುಗೀತು."

"ಸುಳ್ಳು. ಉಸಿರು ಎಳ್ಕೊಂಡು ಬಿಡಲೇ ಇಲ್ಲ ನೀನು. ಓದು."

ಓದಿದೆ. ಈ ಪ್ರಯೋಗ ಇಲಿಗಳ ಮೇಲೆ ನಡೆದಿದ್ದು, ಮನುಷ್ಯರಲ್ಲಿ ಇದೇ ಫಲಿತಾಂಶ ಸಿಗುತ್ತದೆ ಎನ್ನಲಾಗದು.

ಜಗುಲಿಯಲ್ಲಿ ಭಾವನ ಕೈ ನಿಂತಿತು.

"ಇಲೀನಾ?" ಎಂದಳು ಅಕ್ಕ. ಯಂತ್ರದ ಮೇಲಿಂದ ಕೈ ತೆಗೆದು, "ಈ ಸಲ ಮಾತ್ರಾನಾ?"

ಅವಳು ಎದ್ದು ಗೋಡೆ ಹಿಡಿದು ಹೋಗಿ, ಗುಂಡಿಗಳನ್ನು ಇಡುತ್ತಿದ್ದ ತಗಡಿನ ಡಬ್ಬಿ ತಂದು ನನ್ನ ಮಡಿಲಿಗೆ ಇಟ್ಟಳು. ಅದರ ತುಂಬ ನನ್ನ ಸುದ್ದಿಗಳು. "ಒಂದೊಂದೇ ತೆಗಿ. ಕೆಳಗೆ ಏನಿತ್ತು ಹೇಳು. ನಿಂಗೆ ನೆನಪಿರುತ್ತೆ."

ನೆನಪಿತ್ತು. ಇಲಿ, ಎಂದೆ. ಇಲಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶ. ಇಲಿ. ಇದು ನಾಯಿ. ಇದು ಮನುಷ್ಯರೇ, ಆದರೆ ಬೇರೆ ಜೀನು, ನಿನ್ನದಲ್ಲ. ಇಲಿ. ಇಪ್ಪತ್ತಾರು ತುಂಡುಗಳು. ಎಲ್ಲಕ್ಕೂ ಸುತ್ತ ಅರ್ಧ ಇಂಚು ಅಂಚು. ಡಬ್ಬಿಯ ತಳದಲ್ಲಿ ಮೊದಲನೆಯದು, ಹಳದಿಗೆ ತಿರುಗಿತ್ತು.

"ಅದು?"

"ಅದೂ ಇಲಿ ಅಕ್ಕ."

ಅವಳು ಆ ತುಂಡನ್ನು ಇಸಿದುಕೊಂಡು ಅಂಚನ್ನು ಬೆರಳಿನಿಂದ ಸವರಿದಳು.

"ನಾನು ಯಾರದೇ ಬಟ್ಟೆ ಹೊಲಿದ್ರೂ ಒಳಗೆ ಅರ್ಧ ಇಂಚು ಬಿಡ್ತಿದ್ದೆ. ನಾಳೆ ಬಿಗಿಯಾದ್ರೆ ಬಿಚ್ಚಿಕೊಳ್ಳಲಿ ಅಂತ. ಗುರುತು ಪರಿಚಯ ಇಲ್ಲದೋರಿಗೂ ಬಿಡ್ತಿದ್ದೆ. ನೀನು ನಂಗೆ ಅಷ್ಟೂ ಬಿಡಲಿಲ್ವಲ್ಲೋ."

ಭಾವ ಬಾಗಿಲಿಗೆ ಬಂದು, "ಹೋಗ್ಲಿ ಬಿಡೇ, ಅವನೇನು ಬೇಕಂತ..." ಎಂದರು.

"ನೀವು ಸುಮ್ನಿರಿ." ಮತ್ತೆ ನನ್ನ ಕಡೆ ತಿರುಗಿದಳು, ನಾನು ಕೂತಿದ್ದ ಜಾಗಕ್ಕಿಂತ ಒಂದು ಗೇಣು ಆಚೆ. "ಆ ಶಾಲೆಗೆ ಈಗ ಸೇರ್ಕೋಬಹುದಾ?"

ಅರ್ಜಿಯ ಆ ಸಾಲು ನನಗೆ ಬಾಯಿಪಾಠ. "ನಲವತ್ತೈದು ವರ್ಷದವರೆಗೆ ಮಾತ್ರ."

ಅವಳಿಗೆ ನಲವತ್ತೊಂಬತ್ತು. ತಪ್ಪಾಯಿತು ಎಂದೆ. ಆ ಪದಕ್ಕೆ ಆ ಕೋಣೆಯಲ್ಲಿ ಎಲ್ಲೂ ಕೂರಲು ಜಾಗ ಇರಲಿಲ್ಲ.

ಅಕ್ಕ ಆ ತುಂಡನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದಳು: "ಆ ಇಲಿಗಳಿಗಾದ್ರೂ ನಿಜವಾಗಿ ಕಣ್ಣು ಬಂತಾ?"

"ಬಂತು."

"ಆಮೇಲೆ ಅವನ್ನ ಏನ್ಮಾಡ್ತಾರೆ? ಬಿಟ್ಟುಬಿಡ್ತಾರಾ?"

ಹೂಂ ಎಂದುಬಿಡುವುದು ಎಷ್ಟು ಸುಲಭವಾಗಿತ್ತು! ಅವಳ ಮುಖ ಅದನ್ನೇ ಕೇಳುತ್ತಿತ್ತು. ವಾಕ್ಯ ಅಲ್ಲಿಗೆ ಮುಗಿಯುತ್ತಿತ್ತು, ಜಾಗಕ್ಕೆ ಸರಿಯಾಗಿ.

"ಇಲ್ಲಕ್ಕ. ಕೊಲ್ತಾರೆ. ಕಣ್ಣು ತೆಗೆದು ಕೊಯ್ದು ನೋಡ್ಬೇಕಲ್ಲ, ಒಳಗೆ ಏನಾಗಿದೆ ಅಂತ."

"ಕಣ್ಣು ಬಂದ ಮೇಲೂ?"

"ಬಂದ ಮೇಲೆಯೇ."

"ಎಷ್ಟು ದಿನ ನೋಡಿರ್ತವೆ?"

"ಆರು ವಾರ."

ಅಕ್ಕ ಹಳದಿ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಕೈ ಯಂತ್ರದ ಚಕ್ರಕ್ಕೆ ಹೋಯಿತು. ಎಣ್ಣೆ ಕುಡಿದು ಕುಡಿದು ಹಗುರಾಗಿದ್ದ ಚಕ್ರ ಮುಟ್ಟಿದ್ದಕ್ಕೇ ತಿರುಗಿತು. ದಾರವಿಲ್ಲದ ಸೂಜಿ ಬಟ್ಟೆಯಿಲ್ಲದ ಕಡೆ ಇಳಿದು ಎದ್ದಿತು.

"ಆರು ವಾರ ಕಣ್ಣು ಬಂದಿದ್ರೆ," ಎಂದಳು, ನಮ್ಮಿಬ್ಬರಿಗೂ ಅಲ್ಲದೆ, "ನಾನು ಒಂದು ಇಡೀ ಶಾಲೆಯ ಯೂನಿಫಾರ್ಮ್ ಹೊಲಿದು ಕೊಡ್ತಿದ್ದೆ."