ಕೋಣೆಯ ಅಳತೆ

ಸೊಸೆ ಮೇಜಿನ ಒಂದು ತುದಿ ಹಿಡಿದು ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಿದ್ದಳು. ಇನ್ನೊಂದು ತುದಿ ಮಾವನ ಕೈಯಲ್ಲಿ. ಹಿಂದೆ ಏಳು ವರ್ಷದ ಮೊಮ್ಮಗಳು ಗುಂಡಿ, ತಲೆಯ ಮೇಲೆ ದಿಂಬು ಹೊತ್ತು.

“ಮಾವ, ನಿಧಾನ.”

“ಮೂವತ್ತು ವರ್ಷ ಇಳಿದಿರೋ ಮೆಟ್ಟಿಲು ಕಣಮ್ಮ, ಕಣ್ಣು ಮುಚ್ಚಿದ್ರೂ ಕಾಲಿಗೆ ಗೊತ್ತು.”

ನೆಲಮಾಳಿಗೆಯ ಆ ಕೋಣೆಯಲ್ಲಿ ಮಾವನ ಹೊಲಿಗೆ ಯಂತ್ರವಿತ್ತು. ಮೇಲೆ ಗುಂಡಿಯ ಆರು ತಿಂಗಳ ತಮ್ಮ ರಾತ್ರಿಯಿಡೀ ಅಳುತ್ತಿದ್ದುದರಿಂದ, ಅವಳು ಇನ್ನು ಓದುವುದೂ ಮಲಗುವುದೂ ಇಲ್ಲೇ ಎಂದು ತೀರ್ಮಾನವಾಗಿತ್ತು. ಸೊಸೆಗೆ ಧೈರ್ಯ ಕೊಟ್ಟದ್ದು ಸರ್ಕಾರದ ಕಾಗದ: ಮನೆಯಲ್ಲಿ ರೇಡಾನ್ ತೀರಾ ಕಡಿಮೆ.

ನಾಲ್ಕು ತಿಂಗಳ ಹಿಂದೆ ಆರೋಗ್ಯ ಇಲಾಖೆಯ ಹುಡುಗಿ ಮುಷ್ಟಿಯಷ್ಟು ದೊಡ್ಡ ಡಬ್ಬಿ ತಂದಿದ್ದಳು. “ರೇಡಾನ್ ಅಂದ್ರೆ ನೆಲದಡಿಯಿಂದ ಏಳೋ ಅನಿಲ, ತಾತ. ಬಣ್ಣ ಇಲ್ಲ, ವಾಸನೆ ಇಲ್ಲ. ವರ್ಷಗಟ್ಟಲೆ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಅಪಾಯ. ಅದನ್ನ ಅಳೆಯೋ ಡಬ್ಬಿ ಇದು, ಕೆಳಗಿನ ಕೋಣೇಲಿ ಮೂರು ತಿಂಗಳು ಮುಟ್ಟದೆ ಇಡಿ.” ಗುಂಡಿಯ ಶಾಲೆಯಲ್ಲಿ ರೇಡಾನ್ ಹೆಚ್ಚು ಸಿಕ್ಕಿ, ಒಂದು ತರಗತಿಗೆ ತಿಂಗಳು ಬೀಗ ಹಾಕಿ, ನೆಲದಡಿಗೆ ಕೊಳವೆಯಿಳಿಸಿ ಫ್ಯಾನು ಕೂರಿಸಿದ್ದು ಮಾವನಿಗೆ ಗೊತ್ತಿತ್ತು. ತನ್ನ ಕೋಣೆಗೂ ಬೀಗ ಬಿದ್ದರೆ? ಹುಡುಗಿ ಹೋದ ಮೇಲೆ ಡಬ್ಬಿಯನ್ನು ಮಹಡಿಯ ಕಿಟಕಿಯ ಹೊರಗೆ, ಹೂಕುಂಡದ ಹಿಂದೆ ಇಟ್ಟುಬಿಟ್ಟಿದ್ದ; ಕಾಗದಕ್ಕೆ ಬಂದದ್ದು ಆ ಬಯಲು ಗಾಳಿಯ ಅಳತೆ.

“ತಾತ, ಇಲ್ಲಿ ನನ್ನ ಹಾಸಿಗೆ ಹಿಡಿಸುತ್ತಾ ನೋಡು, ನನ್ನ ಅಳೆ!” ಗುಂಡಿ ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಮಾವ ಟೇಪು ಹಿಡಿದು ಬಗ್ಗಿದ.

“ನಾನು ಹೊಟ್ಟೆ ಒಳಗೆಳಕೊಂಡಿಲ್ಲಪ್ಪ, ಸರಿಯಾಗಿ ಅಳೆ.”

ಅದು ಅವನದೇ ಮಾತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ಅವನು ದಿನಾ ಗದರುತ್ತಿದ್ದ: ‘ನನಗೆ ಮೋಸ ಮಾಡ್ತೀರಿ, ಆಮೇಲೆ ಉಸಿರು ಕಟ್ಟೋದು ನಿಮಗೇ.’

ಮಾವ ಟೇಪು ಸುತ್ತಿಟ್ಟ. “ಅಮ್ಮಾ, ಮೇಜು ಮೇಲಕ್ಕೇ ತಗೊಂಡು ಹೋಗೋಣ,” ಎಂದ. ತಲೆಯೆತ್ತದೆ ಡಬ್ಬಿಯ ವಿಷಯ ಎಲ್ಲ ಹೇಳಿದ.

ಸೊಸೆಯ ಮುಖ ಕೆಂಪಾಯಿತು. “ಮಗೂನ ಇಲ್ಲಿ ಮಲಗಿಸ್ತಿದ್ನಲ್ಲ, ಮಾವ!”

“ಕೋಣೆ ಹೋದ್ರೆ ನಾನು ಯಾವ ಕೆಲಸಕ್ಕೆ ಬರ್ತೀನಮ್ಮ? ಮೂಲೇಲಿ ಕೂರೋ ಮುದುಕ ಆಗ್ತೀನಿ ಅಂತ...”

 ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮೂವತ್ತು ವರ್ಷ ಇದೇ ಗಾಳಿ ಕುಡಿದಿದ್ದೀರಲ್ಲ, ಅದರ ಚಿಂತೆ ಯಾರು ಮಾಡ್ಬೇಕು? ಮೇಜು ಆಮೇಲೆ. ಮೊದಲು ಮೆಷಿನ್ ಹಿಡೀರಿ. ಹಜಾರದ ಕಿಟಕಿ ಹತ್ತಿರ ಬೆಳಕೂ ಚೆನ್ನಾಗಿದೆ.”

“ಗಿರಾಕಿಗಳು?”

“ನಿಮ್ಮ ಬೈಗುಳ ಕೇಳೋಕೆ ಎಲ್ಲಿಗಾದ್ರೂ ಬರ್ತಾರೆ ಬಿಡಿ.”

ಮರುದಿನ ಮಾವ ತಾನೇ ಇಲಾಖೆಯ ಕಚೇರಿಗೆ ಹೋಗಿ ತಪ್ಪೊಪ್ಪಿಕೊಂಡು ಹೊಸ ಡಬ್ಬಿ ತಂದ. “ಹೆಚ್ಚು ಬಂದ್ರೂ ಬೀಗ ಹಾಕಲ್ಲ ತಾತ, ಸರಿ ಮಾಡಿಕೊಡ್ತೀವಿ,” ಎಂದು ಹುಡುಗಿ ನಕ್ಕಿದ್ದಳು. ಕೆಳಗಿನ ಕೋಣೆಯಲ್ಲಿ ಉಳಿದಿದ್ದ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಡಬ್ಬಿಯಿಟ್ಟು, ಯಾರೂ ಕದಲಿಸದಂತೆ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ.

ಗುಂಡಿ ಬಾಗಿಲಲ್ಲಿ ನಿಂತು ಕೇಳಿದಳು: “ತಾತ, ಈ ಸಲ ಕೋಣೆ ಹೊಟ್ಟೆ ಒಳಗೆಳಕೊಂಡಿಲ್ಲ ತಾನೆ?”

“ಇಲ್ಲ ಕಣೆ,” ಎಂದು ಅವನು ಬಾಗಿಲೆಳೆದುಕೊಂಡ. “ಆರಾಮಾಗಿ ಬಿಟ್ಟುಕೊಂಡು ನಿಂತಿದೆ.”