ಚಾಡಿಕೋರ ಡಬ್ಬ

ಮ್ಯಾನ್‌ಹೋಲಿಗೆ ಇಳಿಯುವ ಮೊದಲು ಮೀನಣ್ಣ ಬನಿಯನ್ ಬಿಚ್ಚುತ್ತಾನೆ. ಮೈಗೆಲ್ಲ ಎಣ್ಣೆ ಬಳಿದುಕೊಳ್ಳುತ್ತಾನೆ, ಕಿವಿಗೆ ಹತ್ತಿ ತುರುಕುತ್ತಾನೆ, ಸೊಂಟಕ್ಕೆ ಹಗ್ಗ ಬಿಗಿಯುತ್ತಾನೆ. ಇಷ್ಟೇ ಅವನ ರಕ್ಷಣೆ. ಕಚೇರಿಯ ಕಾಗದದಲ್ಲಿ ಮಾತ್ರ ಅವನಿಗೆ ಬೂಟು, ಮುಖವಾಡ, ಕೈಗವಸು ಎಲ್ಲ ಕೊಟ್ಟಾಗಿದೆ. ಆ ಕಾಗದದ ಮೀನಣ್ಣ ಭಾರೀ ಪುಣ್ಯವಂತ. ನೆಲದ ಮೀನಣ್ಣ ಕೊಳಚೆಯಲ್ಲಿ ಕತ್ತಿನವರೆಗೆ ಮುಳುಗಿ, ಕಾಲಿನಿಂದಲೇ ತಡಕಿ, ಪೈಪಿಗೆ ಸಿಕ್ಕಿಕೊಂಡ ಬಟ್ಟೆಯುಂಡೆಯನ್ನು ಕಿತ್ತು ತೆಗೆಯುತ್ತಾನೆ. ಅದಕ್ಕೇ ಆ ಹೆಸರು.

ಹಗ್ಗದ ಇನ್ನೊಂದು ತುದಿ ಹೆಂಡತಿಯ ಅಣ್ಣ, ಅಂದರೆ ಭಾವನ ಕೈಯಲ್ಲಿ. ಈ ಕೆಲಸದವರಲ್ಲಿ ಒಂದು ಕಟ್ಟುಪಾಡಿದೆ: ಹಗ್ಗ ಹಿಡಿಯುವವನು ನೆಂಟನೇ ಆಗಿರಬೇಕು. ಬೇರೆಯವನಾದರೆ ಬೀಡಿ ಸೇದಲು ಎದ್ದು ಹೋದಾನು. ನೆಂಟ ಹೋಗಲಾರ. ಸಂಜೆ ತಂಗಿಗೆ ಮುಖ ತೋರಿಸಬೇಕಲ್ಲ.

ಮೂರು ವರ್ಷದ ಹಿಂದೆ ಸ್ವಂತ ಅಣ್ಣ ಇಳಿದಾಗ ಹಗ್ಗ ಹಿಡಿದವನು ಮೀನಣ್ಣನೇ. ಒಳಗಿನ ವಿಷಗಾಳಿಗೆ ಅಣ್ಣ ಒಂದೇ ಉಸಿರಿಗೆ ಕುಸಿದ. ಮೀನಣ್ಣ ಎಳೆದ. ಹಗ್ಗ ಬಂತು, ಅಣ್ಣ ಬರಲಿಲ್ಲ. ಕುಡಿದು ಬಿದ್ದ ಎಂದು ವರದಿ ಬರೆಸಿದವನು ಕಂಟ್ರಾಕ್ಟರ, ಸಹಿ ಹಾಕಿದವರು ಇಂಜಿನಿಯರು. ಅಣ್ಣ ಜನ್ಮದಲ್ಲಿ ಹೆಂಡ ಮೂಸಿದವನಲ್ಲ. ಇಂಜಿನಿಯರು ಕಂಟ್ರಾಕ್ಟರನ ಅಕ್ಕನ ಗಂಡ, ಹಾಗಾಗಿ ಇಂಥ ಕಾಗದಗಳು ಊಟದ ಮೇಜು ದಾಟಿ ಹೋಗುವುದೇ ಇಲ್ಲ.

ಕೊಳಚೆ ಹೀರುವ ಲಾರಿಯೊಂದು ಡಿಪೋದಲ್ಲಿದೆ. ಅದನ್ನು ತರಿಸಿ ಎಂದರೆ ಕಂಟ್ರಾಕ್ಟರನ ಉತ್ತರ ಸಿದ್ಧ. "ಲಾರಿ ಬರೋಕೆ ಎರಡು ದಿನ ಬೇಕು. ನೀನು ಇಳಿದ್ರೆ ಎರಡೇ ನಿಮಿಷದ ಕೆಲಸ."

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಒಬ್ಬ ಮೇಡಂ ಬಂದರು. ಸಣ್ಣ ವಯಸ್ಸು, ದಪ್ಪ ಕನ್ನಡಕ, ಕೈಯಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬ. ನಾಲ್ಕು ವರ್ಷ ಸಂಶೋಧನೆ ಮಾಡಿ ಅದನ್ನು ತಯಾರಿಸಿದ್ದರಂತೆ.

"ಇಳಿಯೋ ಮೊದಲು ಇದನ್ನ ದಾರ ಕಟ್ಟಿ ಒಳಗೆ ಬಿಡಿ. ವಿಷಗಾಳಿ ಇದ್ರೆ ಕೂಗುತ್ತೆ. ಕೂಗಿದ್ರೆ ಇಳೀಬೇಡಿ."

"ಕೂಗಿದ್ರೂ ಇಳೀರಿ ಅಂತಾರಲ್ಲ ಮೇಡಂ, ಅವರಿಗೆ ಕೇಳಿಸೋ ಹಾಗೆ ಇನ್ನೊಂದು ಡಬ್ಬ ಮಾಡಿದ್ದೀರಾ?" ಎಂದ ಭಾವ.

ಮೇಡಂ ನಗಲಿಲ್ಲ. "ಅದು ನಮ್ಮ ವಿಭಾಗದಲ್ಲಿ ಆಗಲ್ಲ," ಎಂದರು.

ಡಬ್ಬ ಒಳ್ಳೆಯ ಕೆಲಸಗಾರ. ಅದು ಸುಮ್ಮನಿದ್ದರೆ ಮೀನಣ್ಣ ಇಳಿಯುತ್ತಿದ್ದ. ಕೂಗಿದರೆ ಏನಾದರೂ ನೆಪ ಹೇಳಿ, ಮುಚ್ಚಳ ತೆರೆದಿಟ್ಟು, ಗಾಳಿ ಹೋಗಲೆಂದು ಕಾಯುತ್ತಿದ್ದ. ಮೊದಲ ಸಲ ಮನೆಯಲ್ಲಿ ಅವನ ಹೆಂಡತಿ ನಿದ್ದೆ ಮಾಡತೊಡಗಿದಳು.

ಆದರೆ ಡಬ್ಬಕ್ಕೆ ಒಂದು ಹುಚ್ಚಿತ್ತು. ಗುಂಡಿಯ ನಾತ ತಾಳಲಾರದೆ ಕಂಟ್ರಾಕ್ಟರ ಮೈತುಂಬ ಸೆಂಟು ಸುರಿದುಕೊಂಡು ಬರುತ್ತಿದ್ದ. ಅವನು ಪಕ್ಕದಲ್ಲಿ ಬಂದು ನಿಂತರೆ ಸಾಕು, ಡಬ್ಬ ಬೊಬ್ಬೆ ಹೊಡೆಯುತ್ತಿತ್ತು. ಕೆಲಸಗಾರರಿಗೆ ಇದಕ್ಕಿಂತ ಇನ್ನೇನು ಬೇಕು? ಡಬ್ಬಕ್ಕೆ ಚಾಡಿಕೋರ ಎಂದು ಹೆಸರಿಟ್ಟರು. ಇಳಿಯುವ ಕೆಲಸವಿಲ್ಲದ ಹೊತ್ತಿನಲ್ಲಿ, ಅವನು ಕಾರು ನಿಲ್ಲಿಸುವ ತಿರುವಿನ ಕಂಬಕ್ಕೆ ಅದನ್ನು ನೇತುಹಾಕಿದರು. ಅದು ಕೂಗಿದೊಡನೆ ಇಲ್ಲಿ ಬೀಡಿ ಆರಿಸಿ ಸಲಿಕೆ ಎತ್ತಿಕೊಳ್ಳುವುದು.

ಡಬ್ಬ ತನ್ನೊಳಗೇ ದಾಖಲಿಸಿಕೊಂಡಿದ್ದ ತಿಂಗಳ ಲೆಕ್ಕ ನೋಡಿದ ಮೇಡಂ ತಲೆ ಕೆರೆದುಕೊಂಡರು. "ದಿನಾ ಬೆಳಿಗ್ಗೆ ಹತ್ತು ಗಂಟೆಗೆ ರಸ್ತೆ ಮೇಲೇ ಭಯಂಕರ ವಿಷಗಾಳಿ ತೋರಿಸ್ತಿದೆಯಲ್ಲ. ಏನದು?"

"ಅದು ಕಂಟ್ರಾಕ್ಟರ್ ಸಾಹೇಬ್ರು ಮೇಡಂ," ಎಂದ ಮೀನಣ್ಣ. ಈ ಸಲ ಮೇಡಂ ನಕ್ಕರು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ದೊಡ್ಡವರ ಬಂಗಲೆಗಳ ಬೀದಿಯಲ್ಲಿ ಕೊಳಚೆ ಉಕ್ಕಿತು. ಇಂಜಿನಿಯರು ಸ್ವತಃ ಜೀಪಿನಲ್ಲಿ ಬಂದರು, ಹಿಂದೆಯೇ ಕಂಟ್ರಾಕ್ಟರ. ಹನ್ನೊಂದು ಜನ ಕೆಲಸಗಾರರೂ, ಮೇಡಂ ಕೂಡ ಅಲ್ಲಿದ್ದರು. ಡಬ್ಬ ಒಳಗಿಳಿಯಿತು. ಇಳಿದ ಕೂಡಲೇ ಕಿರುಚತೊಡಗಿತು.

"ಇಳಿಯೋ," ಎಂದ ಕಂಟ್ರಾಕ್ಟರ.

"ಕೂಗ್ತಾ ಇದೆ ಸಾರ್."

ಕಂಟ್ರಾಕ್ಟರ ಡಬ್ಬವನ್ನು ಮೇಲಕ್ಕೆಳೆಸಿದ. ಅದು ಗಾಳಿಗೆ ಸುಧಾರಿಸಿಕೊಂಡು ಸುಮ್ಮನಾದ ಮೇಲೆ ಜೇಬಿನಿಂದ ಸೆಂಟಿನ ಬಾಟಲಿ ತೆಗೆದು ಪುಸ್ಸೆಂದು ಹೊಡೆದ. ಅದು ಮತ್ತೆ ಕಿರುಚಿತು. "ನೋಡಿ ಭಾವ, ಇಷ್ಟೇ ಇದರ ಯೋಗ್ಯತೆ," ಎಂದ ಇಂಜಿನಿಯರ ಕಡೆ ತಿರುಗಿ.

ಇಂಜಿನಿಯರು ಹೊಟ್ಟೆ ಕುಲುಕಿಸಿ ನಕ್ಕರು. "ಏನ್ ಮೇಡಂ, ನಿಮ್ಮ ಸಂಶೋಧನೆ ಸೆಂಟಿಗೆ ಹೆದರುತ್ತಾ?"

"ಹೌದು ಸರ್, ಸೆಂಟಿಗೂ ಕೂಗುತ್ತೆ. ಅದನ್ನ ತಿದ್ದುತ್ತೀನಿ. ಸುಮ್ಮಸುಮ್ಮನೆ ಕೂಗಿದ್ರೆ ಹತ್ತು ನಿಮಿಷ ಹಾಳು. ಕೂಗಬೇಕಾದಾಗ ಕೂಗದಿದ್ರೆ ಒಂದು ಜೀವ ಹಾಳು."

"ತಿದ್ದಿದ ಮೇಲೆ ತನ್ನಿ. ಇವತ್ತಿಂದ ಈ ಡಬ್ಬ ಬಂದ್."

ಡಬ್ಬ ಹೋದರೆ ಮತ್ತೆ ಕಣ್ಣು ಕಟ್ಟಿಕೊಂಡು ಇಳಿಯಬೇಕು. ಇವತ್ತಲ್ಲದಿದ್ದರೆ ನಾಳೆ ಭಾವನೂ ಬರೀ ಹಗ್ಗ ಎಳೆಯುತ್ತಾನೆ. ಮೀನಣ್ಣ ಸೊಂಟದ ಗಂಟು ಬಿಚ್ಚಿದ.

"ಸಾರ್ ಹೇಳೋದು ಸರಿ," ಎಂದ ಬಲು ವಿನಯದಿಂದ. "ಡಬ್ಬ ಸುಳ್ಳು. ಒಳಗೆ ಗಾಳಿ ಚೆನ್ನಾಗಿದೆ. ಹಾಗಾದ್ರೆ ಕಂಟ್ರಾಕ್ಟರ್ ಸಾಹೇಬ್ರೇ ಒಂದ್ಸಲ ಇಳಿದು ತೋರಿಸ್ಲಿ."

"ನಾನ್ಯಾಕೋ ಇಳೀಲಿ?"

"ಎರಡೇ ನಿಮಿಷದ ಕೆಲಸ ಅಲ್ವಾ ಸಾರ್."

ಭಾವ ಆಗಲೇ ಎಣ್ಣೆ ಬಾಟಲಿ, ಹತ್ತಿ ಹಿಡಿದು ಮದುಮಗನನ್ನು ಸಿಂಗರಿಸುವವನಂತೆ ಮುಂದೆ ಬಂದ. "ಎಣ್ಣೆ ಹಚ್ಕೊಳ್ಳಿ. ಸೆಂಟು ಒಳಗೆ ಕೆಲಸಕ್ಕೆ ಬರಲ್ಲ. ಹಗ್ಗ ಮಾತ್ರ ನೆಂಟರೇ ಹಿಡೀಬೇಕು. ನಮ್ಮ ಕೈಗೆ ಕೊಡಬೇಡಿ ಸಾರ್, ನಾವು ಕುಡುಕರು ಅಂತ ನೀವೇ ಬರೆಸಿದ್ದೀರಿ. ನಿಮ್ಮ ಭಾವನೋರು ಇಲ್ಲೇ ಇದ್ದಾರಲ್ಲ."

ಹಾಗೆಂದು ಕೊಳಚೆ ಮೆತ್ತಿದ ಹಗ್ಗದ ತುದಿಯನ್ನು ಇಂಜಿನಿಯರ ಕೈಗಿಟ್ಟೇಬಿಟ್ಟ. ಅವರು ಬೆಂಕಿ ಮುಟ್ಟಿದಂತೆ ಹಗ್ಗವನ್ನು ಕೆಳಗೆ ಬಿಟ್ಟರು. ಕಂಟ್ರಾಕ್ಟರ ಅದನ್ನು ನೋಡಿದ. ಇಪ್ಪತ್ತು ವರ್ಷದ ನೆಂಟಸ್ತಿಕೆಯಲ್ಲಿ ತನ್ನ ಭಾವನ ಬಗ್ಗೆ ತಿಳಿಯದಿದ್ದದ್ದು ಅವನಿಗೆ ಆ ಒಂದು ಕ್ಷಣದಲ್ಲಿ ತಿಳಿಯಿತು. ಹನ್ನೊಂದು ಜನ ಕೆಲಸಗಾರರು ಒಬ್ಬೊಬ್ಬರಾಗಿ ಗುಂಡಿಯ ಸುತ್ತ ಕುಳಿತರು. ಕೊಳಚೆ ನಿಧಾನವಾಗಿ ಬಂಗಲೆಗಳ ಗೇಟಿನೊಳಗೆ ಹರಿಯುತ್ತಿತ್ತು. ಮಹಡಿಯ ಕಿಟಕಿಗಳು ತೆರೆದುಕೊಂಡವು.

ಇಂಜಿನಿಯರು ಕರವಸ್ತ್ರದಿಂದ ಕೈ ಒರೆಸಿಕೊಂಡು ಫೋನು ತೆಗೆದರು. "ಲಾರಿ ಕಳಿಸಿ."

ಇಪ್ಪತ್ತು ನಿಮಿಷಕ್ಕೆ ಲಾರಿ ಬಂತು. ಪೈಪು ಇಳಿಸಿ ಗೊರಗೊರನೆ ಹೀರಿತು. ಕೊಳಚೆ ಇಳಿಯಿತು. ಒಬ್ಬನ ಕಾಲಿಗೂ ಹನಿ ತಾಗಲಿಲ್ಲ. ಕೆಲಸಗಾರರು ಕೇಕೆ ಹಾಕಿದರು, ಮೇಡಂ ಕನ್ನಡಕ ಒರೆಸಿಕೊಂಡರು. ಮೀನಣ್ಣ ಮಾತ್ರ ಲಾರಿಯನ್ನೇ ನೋಡುತ್ತಿದ್ದ. ಬಣ್ಣ ಕೂಡ ಮಾಸಿರಲಿಲ್ಲ. ಡ್ರೈವರನನ್ನು ಕೇಳಿದ, "ಯಾವಾಗ ಬಂದದ್ದಪ್ಪ ಇದು?"

"ಐದು ವರ್ಷ ಆಯ್ತಣ್ಣ. ಡಿಪೋದಲ್ಲೇ ನಿಂತಿತ್ತು."

ಇಂಜಿನಿಯರು ಜೀಪು ಹತ್ತಿ ಕುಳಿತಿದ್ದರು. ಮೀನಣ್ಣ ಹೋಗಿ ಕಿಟಕಿಯ ಹತ್ತಿರ ಬಗ್ಗಿದ.

"ನಮ್ಮಣ್ಣ ಇಳಿದ ದಿನ ಈ ಲಾರಿ ಯಾಕೆ ಬರ್ಲಿಲ್ಲ ಸಾರ್?"

ಇಂಜಿನಿಯರು ಡ್ರೈವರನಿಗೆ ಹೊರಡಲು ಸನ್ನೆ ಮಾಡಿದರು. ಜೀಪು ಗುರ್ರೆಂದಿತು. ಭಾವ ಮತ್ತು ಇನ್ನಿಬ್ಬರು ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳವನ್ನು ಎಳೆದು ತಂದು ಜೀಪಿನ ಮುಂದಿನ ಚಕ್ರಕ್ಕೆ ಅಡ್ಡ ಇಟ್ಟರು. ಉಳಿದವರು ಅದರ ಮುಂದೆ ಸಾಲಾಗಿ ನಿಂತರು.

"ಅವಸರ ಏನಿಲ್ಲ ಸಾರ್," ಎಂದ ಮೀನಣ್ಣ, "ಯೋಚನೆ ಮಾಡಿ ಹೇಳಿ."