ಪರದೆಗೆ ಚುಚ್ಚಿದ ಸೂಜಿ

ಈ ಸೂಜಿ ಇನ್ನೂ ಯಾಕೆ ಇಲ್ಲೇ ಇದೆ, ಎಂದು ಅತ್ತೆ ಯಾರನ್ನೂ ನೋಡದೆ ಕೇಳಿದರು, ಬಾಗಿಲ ಪರದೆಯನ್ನೇ ಕೇಳಿದ ಹಾಗೆ, ಸೊಸೆ ತೊಡೆಯ ಮೇಲಿದ್ದ ಅಂಗಿಗೆ ಗುಂಡಿ ಹೊಲಿಯುತ್ತಲೇ ಇದ್ದಳು — ಅವಳ ಮಗಳ ಸೂಜಿ ಅದು, ಕೆಂಪು ದಾರದ ಬಾಲ ಬಿಟ್ಟುಕೊಂಡು ಪರದೆಯ ಅಂಚಿಗೆ ಚುಚ್ಚಿಕೊಂಡಿದೆ, ಗಾಳಿ ಬಂದರೆ ಬಾಲ ಮಾತ್ರ ಅಲ್ಲಾಡುತ್ತದೆ. ದುಡ್ಡು ಬಂದ ವಾರ ಮಗಳು ಸೂಜಿಯನ್ನು ಅಲ್ಲಿ ಚುಚ್ಚಿ ಎದ್ದವಳು ಮತ್ತೆ ಹೊಲಿಯಲು ಕೂರಲಿಲ್ಲ, ವರ್ಷವಾಯಿತು, ಡಬ್ಬಿಗೆ ಹಾಕಿಡಬಹುದಿತ್ತು, ಪರದೆ ಒಗೆಯುವಾಗೆಲ್ಲ ಸೊಸೆ ತೆಗೆಯುತ್ತಾಳೆ, ಒಣಗಿದ ಮೇಲೆ ಮತ್ತೆ ಅಲ್ಲೇ ಚುಚ್ಚುತ್ತಾಳೆ, ಯಾಕೆ ಎಂದು ಅವಳಿಗೇ ಗೊತ್ತಿಲ್ಲ, ಗೊತ್ತಿಲ್ಲದೆ ಏನು, ಚೆನ್ನಾಗಿ ಗೊತ್ತಿದೆ, ಮುಂದೆ ಬೇಕಾಗಬಹುದು ಅಂತ. ನಾಲ್ಕು ಸುತ್ತು, ಒಂದು ಗಂಟು, ದಾರ ಕಡಿ. ಬಡವರ ಮನೆಗೆ ದುಡ್ಡು ಕೊಡುವ ಕಚೇರಿಯಿಂದ ಬಂದಿದ್ದ ಹೆಂಗಸು ಇದೇ ಚಾಪೆಯ ಮೇಲೆ ಕೂತು ಹೇಳಿದ್ದಳು, ಎರಡು ವರ್ಷ, ಪ್ರತಿ ತಿಂಗಳು, ನೇರ ನಿಮ್ಮ ಖಾತೆಗೇ ಬರುತ್ತೆ. ಅದರಲ್ಲಿ ಏನು ತಗೋಬೇಕು ಅಂತ ಹೇಳಿಬಿಡಿ ಮೇಡಂ. ನಾನ್ಯಾಕಮ್ಮ ಹೇಳಲಿ, ನಿಮ್ಮ ಮನೆಗೆ ಏನು ಬೇಕು ಅಂತ ನಿಮಗೇ ಗೊತ್ತು — ನಿಮಗೇ ಗೊತ್ತು, ಈ ಮಾತನ್ನು ಹುಟ್ಟಿದಾಗಿನಿಂದ ಯಾರಾದರೂ ಅವಳಿಗೆ ಹೇಳಿದ್ದರೆ ಕೇಳಿ. ಗಂಡ ಗೋದಾಮಿನಲ್ಲಿ ಮೂಟೆ ಹೊರುವವನು, ಯಾವ ಭಾರಕ್ಕೂ ಹೆದರದವನು, ದುಡ್ಡು ಜಮಾ ಆಗಿದೆ ಎಂದು ಫೋನಿಗೆ ಬಂದ ಎರಡು ಸಾಲಿಗೆ ಹೆದರಿಬಿಟ್ಟ, ಯಾರದೋ ನಮಗೆ ಬಂದಿದೆ ಕಣೇ, ಮುಟ್ಟಬೇಡ, ಅಂದವನೇ ಫೋನನ್ನು ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟ, ಕಳೆದುಕೊಂಡವರು ಕೇಳಿಕೊಂಡು ಬಂದರೆ ಹಾಗೇ ಕೊಟ್ಟುಬಿಡೋಣ ಅಂತ, ಮೂರು ದಿನ ಯಾರೂ ಬರಲಿಲ್ಲ, ಅತ್ತೆ ಮಾತ್ರ ದಿನಾ ಬೆಳಿಗ್ಗೆ ಅಟ್ಟದ ಕಡೆ ತಿರುಗಿ ಕೈಮುಗಿದರು.

ಗಂಟು, ಕಡಿ. ಏನು ಬದಲಾಯಿತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು, ಎಣ್ಣೆ ಈಗ ಬಾಟಲಿಯಲ್ಲಿ ಬರುತ್ತದೆ, ಮೊದಲಿನ ಹಾಗೆ ದಿನಕ್ಕೊಂದು ಪೊಟ್ಟಣವಲ್ಲ, ಏನೇ ಎನ್ನುತ್ತಿದ್ದ ಅಂಗಡಿಯವನು ಏನಮ್ಮಾ ಎನ್ನುತ್ತಾನೆ, ಗಂಡ ರಜೆಯ ದಿನ ಅಂಗಾಲಿಗೆ ಬಿಸಿಲು ಬೀಳುವ ತನಕ ಮಲಗುತ್ತಾನೆ, ಮಲಗಿದವನ ಮುಖವನ್ನು ಹಗಲಿನಲ್ಲಿ ನೋಡಿದ್ದೇ ಇರಲಿಲ್ಲ ಅವಳು, ಎಷ್ಟು ಚಿಕ್ಕವನ ಹಾಗೆ ಕಾಣುತ್ತಾನೆ. ಮಗಳಿಗೆ ಕನ್ನಡಕ ಬಂತು, ಹಾಕಿಕೊಂಡವಳು ಮನೆಯೆಲ್ಲ ಒಂದು ಸುತ್ತು ನೋಡಿ, ಅಮ್ಮಾ, ಗೋಡೆ ಬಿರುಕು ಬಿಟ್ಟಿದೆ ಕಣಮ್ಮ, ಅಂದಳು, ಅವಳು ಹುಟ್ಟುವ ಮೊದಲಿನ ಬಿರುಕು ಅದು, ಎಲ್ಲರೂ ನಕ್ಕರು, ನಗುತ್ತ ನಗುತ್ತಲೇ ಅಮ್ಮನಿಗೆ ಹೊಳೆಯಿತು, ಏಳು ವರ್ಷದವಳಾಗಿದ್ದಾಗಿನಿಂದ ಈ ಮಗು ಇದೇ ಬಿರುಕಿನ ಕೆಳಗೆ ಕೂತು ಗುಂಡಿ ಹೊಲಿದಿದೆಯಲ್ಲ. ಆಗ ಅತ್ತೆ ಪದ್ಯ ಹೇಳುತ್ತಿದ್ದರು, ಓದು ಬಾರದವರು, ಅವರಮ್ಮನ ಬಾಯಿಂದ ಕೇಳಿ ಕಲಿತ ದೇವರ ಪದ್ಯಗಳು, ಸಾಲಿಗೊಂದು ಗುಂಡಿ, ಬಾಗಿಲಿಗೆ ಬಂದ ಬೆಳಕೇ ಒಳಗೆ ಬಾ, ನಾಲ್ಕು ಸುತ್ತು, ಗಂಟು, ಕಡಿ, ಆಮೇಲೆ ಮುಂದಿನ ಸಾಲು, ಮೂವರ ಕೈಯೂ ಒಂದೇ ಸಲ ನಿಲ್ಲುತ್ತಿತ್ತು, ಒಂದೇ ಸಲ ಏಳುತ್ತಿತ್ತು, ಬೇಸರವೇ ತಿಳಿಯುತ್ತಿರಲಿಲ್ಲ, ಎಷ್ಟು ಚಂದ ಅಂದುಕೊಂಡಿದ್ದಳು, ಶಾಲೆಯಿಂದ ಕರೆ ಬರುವ ತನಕ. ನಿಮ್ಮ ಮಗುವಿಗೆ ಏನಾದರೂ ತೊಂದರೆ ಇದೆಯಾ ಅಮ್ಮ, ಎಂದು ಟೀಚರು ಕೇಳಿದರು, ಪದ್ಯ ಹೇಳು ಅಂದರೆ ಒಂದು ಸಾಲು ಹೇಳಿ ನಿಂತುಬಿಡುತ್ತಾಳೆ, ಕತ್ತು ಎಡಕ್ಕೆ ವಾಲಿಸಿ ಗಾಳಿ ಕಚ್ಚುತ್ತಾಳೆ, ಆಮೇಲೆ ಮುಂದಿನ ಸಾಲು, ಮಕ್ಕಳೆಲ್ಲ ನಗುತ್ತಾರೆ. ಅಮ್ಮ ಅಲ್ಲೇ ನಿಂತಿದ್ದಳು, ದಾರ ಕಡಿಯುತ್ತಾಳೆ ಟೀಚರ್, ಅನ್ನುವ ಮಾತು ಬಾಯಿಂದ ಹೊರಡಲಿಲ್ಲ. ಈಗ ಇಲ್ಲ ಅದು, ಬಿಟ್ಟುಹೋಗಿದೆ, ಈಗ ಮಗಳು ಹೊಳೆ ಹರಿದ ಹಾಗೆ ಹೇಳುತ್ತಾಳೆ, ಅತ್ತೆಗೇ ಸಾಲು ಮರೆಯುತ್ತದೆ, ಗುಂಡಿ ಹಿಡಿಯದಿದ್ದರೆ ನೆನಪಾಗಲ್ಲ ಕಣಮ್ಮ ನಂಗೆ, ಅನ್ನುತ್ತಾರೆ, ಆಗ ಮಗಳು ಪಕ್ಕ ಕೂತು ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾಳೆ, ಬೆರಳಿಗೊಂದು ಸಾಲು ಬರುತ್ತದೆ, ದೇವರೇ, ಬರುತ್ತದೆ.

ಹೊರಗೆ ಸ್ಕೂಟರು ನಿಂತ ಸದ್ದು, ಮೇಸ್ತ್ರಿ, ಗಾರ್ಮೆಂಟ್ಸಿನಿಂದ ಬಟ್ಟೆ ತಂದು ಮನೆಮನೆಗೆ ಹಂಚುವವನು, ನಿನ್ನೆಯಷ್ಟೇ ಬಂದಿದ್ದ, ಇವತ್ತು ಬರುವ ದಿನವಲ್ಲ. ಏನ್ ತಂಗಿ, ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ, ಮಹಾರಾಣಿ ಆಗಿಬಿಟ್ಟಿದೀಯ. ನಿನ್ನ ಹೊಟ್ಟೆ ನೋಡಿದ್ರೆ ಆ ದುಡ್ಡು ನಿನಗೇ ಬಂದ ಹಾಗಿದೆ ಕಣಪ್ಪ, ಅಂದರು ಅತ್ತೆ. ಅವನು ನಕ್ಕ, ಕೆಟ್ಟವನಲ್ಲ, ಗಂಡ ಬೆನ್ನು ಹಿಡಿದುಕೊಂಡು ಮೂರು ತಿಂಗಳು ಮಲಗಿದಾಗ ಮಳೆಯಲ್ಲಿ ನೆನೆದುಕೊಂಡು ಕೆಲಸ ತಂದುಕೊಟ್ಟವನು, ಹೊಸ್ತಿಲ ಮೇಲೆ ಬಟ್ಟೆಯ ಗಂಟು ಬಿಚ್ಚಿದ, ಕೂಸುಗಳ ಫ್ರಾಕು, ಅದಕ್ಕೆ ಸಾಸಿವೆಯಷ್ಟು ಸಣ್ಣ ಮಣಿ, ಮಿಷನ್ನಿಗೆ ಸಿಗಲ್ಲ ತಂಗಿ, ನಮ್ಮ ಹೆಂಗಸರ ಬೆರಳಿಗೂ ಸಿಗಲ್ಲ, ನಿನ್ನ ಮಗಳ ಕೈ ಬೇಕು, ಹದಿನೈದು ದಿನ, ಹುಷಾರಿಲ್ಲ ಅಂತ ಶಾಲೆಗೆ ಒಂದು ಮಾತು ಹೇಳಿದ್ರಾಯ್ತು. ಆಮೇಲೆ ದನಿ ತಗ್ಗಿಸಿ, ಹೆದರಿಸುವ ದನಿಯಲ್ಲ, ಅಣ್ಣನ ದನಿ, ಆ ದುಡ್ಡು ಬರೋ ವರ್ಷ ನಿಲ್ಲುತ್ತಲ್ಲ, ಆಮೇಲೆ ನಾವೇ ತಾನೇ ನಿಮಗೆ. ಹೌದು, ನಿಲ್ಲುತ್ತದೆ, ಸುಳ್ಳಲ್ಲ, ಇವತ್ತು ಮುನಿಸಿಕೊಂಡು ಹೋದರೆ ಆಗ ಈ ಸ್ಕೂಟರು ಈ ಬಾಗಿಲಿಗೆ ನಿಲ್ಲುತ್ತದೆಯೋ ಇಲ್ಲವೋ, ನಾಲಗೆಯ ಮೇಲೆ ಆಗಲೇ ಬಂದು ಕೂತಿದೆ ಅದು, ಆಯ್ತಣ್ಣ, ಎಷ್ಟು ಹಗುರಾದ ಮಾತು, ಎಲ್ಲರಿಗೂ ಹೇಳಿದ್ದಾಳೆ, ಮನೆ ಮಾಲೀಕರಿಗೆ ಆಯ್ತಣ್ಣ, ಅಂಗಡಿಯವನಿಗೆ ಆಯ್ತಣ್ಣ, ಜ್ವರದಲ್ಲಿ ಮಲಗಿದ್ದಾಗಲೂ ಇವನಿಗೇ ಆಯ್ತಣ್ಣ, ಬಾಯಿ ತೆರೆದರೆ ಸಾಕು, ತಾನಾಗಿ ಉದುರುತ್ತದೆ.

ಪರದೆ ಅಲ್ಲಾಡಿತು. ಗಾಳಿಯಲ್ಲ, ಮಗಳು, ಶಾಲೆಯಿಂದ ಬಂದವಳು ಮೇಸ್ತ್ರಿಯ ಹಿಂದೆ ಪರದೆಯ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ, ಅಮ್ಮನ ಮುಖ ನೋಡಿದಳು, ಬೆನ್ನಿನ ಚೀಲವನ್ನೂ ಇಳಿಸಲಿಲ್ಲ, ಕೈ ತಾನಾಗಿ ಪರದೆಯ ಅಂಚಿಗೆ ಹೋಯಿತು, ಸೂಜಿ ಇರುವ ಜಾಗ ಹುಡುಕಬೇಕಾಗಲಿಲ್ಲ ಅದಕ್ಕೆ, ಕಿತ್ತಳು, ಹಳೆಯ ದಾರದ ತುದಿ ಬಿಚ್ಚಿಕೊಂಡಿದ್ದನ್ನು ಕಂಡು ಕತ್ತನ್ನು ಎಡಕ್ಕೆ ವಾಲಿಸಿದಳು, ಹಲ್ಲಿನ ನಡುವೆ ಕೆಂಪು ಬಾಲ — ಅದೇ ಕತ್ತು, ಅದೇ ವಾಲು, ಮಕ್ಕಳೆಲ್ಲ ನಗುತ್ತಾರೆ, ನಿಮಗೇ ಗೊತ್ತು, ಬಾಗಿಲಿಗೆ ಬಂದ ಬೆಳಕೇ, ನಿಮ್ಮ ಮನೆಗೆ ಏನು ಬೇಕು ಅಂತ ನಿಮಗೇ — ತೊಡೆಯ ಮೇಲಿದ್ದ ಅಂಗಿ ಯಾವಾಗ ಜಾರಿತೋ, ಅವಳು ಎದ್ದು ನಿಂತಿದ್ದಳು, ಮಗಳ ಬೆರಳಿನಿಂದ ಸೂಜಿಯನ್ನು ಬಿಡಿಸಿಕೊಂಡಿದ್ದಳು, ಮುಷ್ಟಿಯೊಳಗೆ ಅದು ಅಂಗೈಗೆ ಚುಚ್ಚುತ್ತಿತ್ತು, ಕೆಂಪು ಬಾಲ ಬೆರಳ ಸಂದಿಯಿಂದ ಇಳಿಬಿದ್ದಿತ್ತು, ಅಲ್ಲಾಡುತ್ತಿರಲಿಲ್ಲ. ಎಂಟೇ ದಿನ ತಂಗಿ, ಅಂದ ಮೇಸ್ತ್ರಿ.

ಒಂದು ದಿನಾನೂ ಇಲ್ಲ ಅಣ್ಣ. ಕೊಡಲ್ಲ.